ನನ್ನ ಸೋಮವಾರದ ಒಪ್ಪತ್ತು

ಉಪವಾಸ ಮಾಡುವುದು ಅಂಥ ಕಷ್ಟವೇನಲ್ಲ. ಮಾಡಿದ್ದನ್ನು ನಾಲ್ಕು ಜನಕ್ಕೆ ಹೇಳದೆ ಇರುವುದು ಕಷ್ಟ. ಈ ಎರಡನೆಯ ವಿದ್ಯೆ ನನಗೆ ಇವತ್ತಿಗೂ ಒಲಿದಿಲ್ಲ. ದೇಶದಲ್ಲಿ ಅಕ್ಕಿಗೆ ತತ್ವಾರ ಬಂದು, ಸೋಮವಾರ ರಾತ್ರಿ ಎಲ್ಲರೂ ಊಟ ಬಿಡಿ ಎಂದು ದಿಲ್ಲಿಯಿಂದ ಕರೆ ಬಂದಾಗ ನಾನು ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಮಾರನೆಯ ದಿನವೇ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆದುರು ಪ್ರತಿಜ್ಞೆ ಮಾಡಿಬಿಟ್ಟೆ. ಮನೆಯಲ್ಲಿ ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮೊದಲ ಸೋಮವಾರ ಸಂಜೆ ಹಸಿವನ್ನು ಎದುರಿಸಲು ಸಿದ್ಧನಾಗಿ ಜಗಲಿಯಲ್ಲಿ ಕೂತಿದ್ದರೆ ಒಳಗಿನಿಂದ ಒಗ್ಗರಣೆಯ ಘಮ. ಹೋಗಿ ನೋಡುತ್ತೇನೆ, ಬಾಣಲೆ ತುಂಬ ಉಪ್ಪಿಟ್ಟು, ಪಕ್ಕದಲ್ಲಿ ಮೊಸರವಲಕ್ಕಿ, ಬಾಳೆಹಣ್ಣಿನ ರಸಾಯನ! "ಇದೇನೇ ಇದು?" ಎಂದರೆ ನನ್ನ ಹೆಂಡತಿ, "ಫಲಾಹಾರ. ಶಿವನ ವಾರ ಬೇರೆ. ಊಟ ಬಿಡಿ ಅಂದಿದಾರೆ, ಫಲಾಹಾರ ಬಿಡಿ ಅಂದಿದಾರಾ? ನಿಮ್ಮಮ್ಮ ಒಪ್ಪತ್ತು ಮಾಡ್ತಿದ್ದಿದ್ದೂ ಹೀಗೇ ಅಲ್ವೇ?" ಎಂದಳು. ಅದೂ ನಿಜವೇ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಒಪ್ಪತ್ತಿನ ದಿನ ಅಕ್ಕಿ ಉಳಿಯುತ್ತಿತ್ತು. ರವೆ, ತೆಂಗಿನಕಾಯಿ, ತುಪ್ಪ ಖಾಲಿಯಾಗುತ್ತಿದ್ದವು. ನಮ್ಮ ದೇವರುಗಳು ಲೆಕ್ಕಕ್ಕೆ ಹಿಡಿಯುವುದು ಅನ್ನವೊಂದನ್ನೇ, ಉಪ್ಪಿಟ್ಟು ಅವರ ಕಣ್ಣಿಗೆ ಬೀಳುವುದಿಲ್ಲ. "ಇದರಿಂದ ದೇಶಕ್ಕೇನು ಉಳೀತು?" ಎಂದು ಕೂಗಾಡಿದೆ. ಕೂಗಾಡುವ ಮೊದಲು ಎರಡು ತಟ್ಟೆ ಮುಗಿಸಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮುಂದಿನ ವಾರದಿಂದ ಕಾನೂನು ಬಿಗಿ ಮಾಡಿದೆ. ಸೋಮವಾರ ಸಂಜೆ ಒಲೆ ಹಚ್ಚಕೂಡದು. ಉಳಿದ ದಿನವೂ ಅಕ್ಕಿ ಪಾವಿನಲ್ಲಿ ಅಳೆದೇ ಹಾಕಬೇಕು, ಒಂದಗುಳೂ ಮಿಗಬಾರದು. ದಿನಾ ರಾತ್ರಿ ಪಾತ್ರೆಗಳ ತಪಾಸಣೆ ಶುರುಮಾಡಿದೆ. ಹೆಂಡತಿ ಒಮ್ಮೆ, "ನಿಂಗಮ್ಮನ ಡಬ್ಬಿ ದಿನಾ ಖಾಲಿ ಹೋಗ್ತಿದೆ ಕಣ್ರೀ," ಎಂದಳು. ನಿಂಗಮ್ಮ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು. ರಾತ್ರಿ ಮಿಕ್ಕ ಅನ್ನ, ಸಾರನ್ನು ಬೆಳಿಗ್ಗೆ ತಗಡಿನ ಡಬ್ಬಿಯಲ್ಲಿ ಮಕ್ಕಳಿಗೆ ಒಯ್ಯುವುದು ಎಷ್ಟೋ ವರ್ಷದ ರೂಢಿ. "ಪೋಲು ಬೇರೆ, ದಾನ ಬೇರೆ" ಎಂದು ಗದರಿ ನಾನು ಕನ್ನಡಿಯ ಮುಂದೆ ಹೋಗಿ ನಿಂತೆ. ಕೊಣನೂರಿನಲ್ಲಿ ತ್ಯಾಗದ ಬಗ್ಗೆ ಭಾಷಣ ಮಾಡಬೇಕಿತ್ತು. ಅದರಲ್ಲಿ ನನಗೆ ಬಲು ಪ್ರಿಯವಾದ ಮಾತು: "ಇಂದು ನನ್ನ ಮನೆಯ ಒಂದು ಹಿಡಿ ಧಾನ್ಯ ಹಸಿದವರ ಮನೆ ಸೇರಿದೆ!" 'ಹಸಿದವರ' ಎನ್ನುವಲ್ಲಿ ಕೈ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದೆ.

ಭಾಷಣದ ದಿನ, ಮಂಗಳವಾರ ಬೆಳಿಗ್ಗೆ, ಕೊಣನೂರಿನ ಬಸ್ಸಿಗೆ ಹೊರಟು ಪಂಚೆ ಉಡುತ್ತಿದ್ದೆ. ಹಿತ್ತಲಿನಲ್ಲಿ ನಿಂಗಮ್ಮನ ಪಿಸುಮಾತು ಕೇಳಿ ಬಾಗಿಲ ಸಂದಿಯಿಂದ ಇಣುಕಿದೆ. ಅವಳು ನನ್ನ ಹೆಂಡತಿಯ ಮುಂದೆ ಸೆರಗಿನೊಳಗಿಂದ ಅದೇ ಡಬ್ಬಿ ತೆಗೆದಳು. ಅದರ ತುಂಬ ರಾಗಿಹಿಟ್ಟು.

"ಇಸ್ಕಳಿ ಅವ್ವಾರೇ. ಮೂರು ವಾರದಿಂದ ನೋಡ್ತಾ ಇವ್ನಿ. ಸ್ವಾಮಾರ ಬಂದ್ರೆ ಒಲೆ ತಣ್ಗೈತೆ, ಪಾತ್ರೇಲಿ ಒಂದಗ್ಳೂ ಅಂಟಿರಾಕಿಲ್ಲ. ಮೇಷ್ಟ್ರ ಕೆಲ್ಸ ಓಯ್ತೇನೋ ಅಂತ ಒಟ್ಟೆ ಉರೀತು. ಯಾರ್ ತಾವೂ ಯೋಳಾಕಿಲ್ಲ ಬುಡಿ."

"ಅಯ್ಯೋ, ನಿನ್ನ ಮಕ್ಕಳಿಗೇನಿದೆಯೇ?"

"ಅವುಕ್ಕೆ ಅಂಬ್ಲಿ ಕಾಯ್ಸಿ ಮಡ್ಗಿವ್ನಿ. ಇಷ್ಟು ವರ್ಸ ನಿಮ್ಮನೆ ಅನ್ನ ಉಂಡಿಲ್ವಾ ನಾವು?"

ನಾಚಿಕೆಯಾಯಿತು. ಹೊರಗೆ ಹೋಗಿ ದೇಶ, ತ್ಯಾಗ ಎಂದೆಲ್ಲ ವಿವರಿಸಬೇಕೆಂದವನು ಬಾಗಿಲ ಹಿಂದೆಯೇ ನಿಂತು ಪಂಚೆ ಕಟ್ಟಿಕೊಂಡೆ. ಹೆಂಡತಿ ಹಿಟ್ಟನ್ನು ಇಸಕೊಂಡು, ನನ್ನ ಪಾವನ್ನು ಮೂಲೆಗಿಟ್ಟು, ಡಬ್ಬಿಯ ತುಂಬ ಕೈಯಿಂದಲೇ ಅಕ್ಕಿ ಮೊಗೆದು ಹಾಕಿದಳು. ಆ ಹಿಟ್ಟಿನಲ್ಲೇ ರೊಟ್ಟಿ ತಟ್ಟಿ ನನ್ನ ಮುಂದೆ ತಂದಿಟ್ಟಳು. ರಾತ್ರಿ ಉಪವಾಸವಿದ್ದ ಹೊಟ್ಟೆಗೆ ನಾಚಿಕೆ ಎಲ್ಲಿಯದು? ಮೂರು ತಿಂದೆ.

ಕೊಣನೂರಿನಲ್ಲಿ ಭಾಷಣ ಚೆನ್ನಾಗಿಯೇ ಸಾಗಿತ್ತು. "ಇಂದು ನನ್ನ ಮನೆಯ ಒಂದು ಹಿಡಿ ಧಾನ್ಯ..." ಎಂದು ಕೈ ಎತ್ತಿದವನು ಅಲ್ಲೇ ನಿಂತೆ. ಯಾರ ಮನೆಯದು ಯಾರ ಮನೆ ಸೇರಿತ್ತು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಎತ್ತಿದ ಕೈಯನ್ನೇ ಜೋಡಿಸಿ ನಮಸ್ಕಾರ ಮಾಡಿ ಕೂತುಬಿಟ್ಟೆ. ಮುಂದಿನ ಸಾಲಿನ ಮುದುಕರೊಬ್ಬರು ಪಕ್ಕದವನಿಗೆ, "ರಾತ್ರಿಯಿಂದ ಉಪಾಸ ಕಣ್ಲಾ, ಪಾಪ, ಸುಸ್ತಾಗೋಗವ್ರೆ" ಎಂದದ್ದು ಕೇಳಿಸಿತು. ಸಭೆಯಲ್ಲಿ ಜೋರು ಚಪ್ಪಾಳೆ. ರೊಟ್ಟಿಯ ತೇಗು ಬಂತು. ಅದನ್ನು ನುಂಗಿಕೊಂಡೆ, ಮುದುಕರ ಮಾತನ್ನು ಮಾತ್ರ ತಿದ್ದಲಿಲ್ಲ.