ಮೆಡಿಟರೇನಿಯನ್ ದಂಡಿಯ ಮರಳು ಯಾರು ಒಯ್ದರು?

ನಾ ಎಲ್ಲಿ ಸುಮ್ಮನ ಕೂಡಬೇಕು ಅಂತೀನೋ ಅಲ್ಲೇ ಯಾರರೆ ಬಂದು ಏನರೆ ಕೇಳ್ತಾರ. ಮೂವತ್ಮೂರು ವರ್ಷ ಸುರಪುರದ ಸಾಲ್ಯಾಗ ಭೂಗೋಳ ಕಲಿಸಿದ ಟೀಚರ್ ನಾನು. ಆಗ ಪ್ರಶ್ನಿ ಕೇಳೋದು ನನ್ನ ಕೆಲಸ ಆಗಿತ್ತು. ರಿಟೈರ್ ಆದ ಮ್ಯಾಲೆ ಊರಿಗಿ ಊರಾ ತಿರುಗಿ ನನ್ನನ್ನ ಕೇಳಾಕತ್ತದ. ಬಸ್ ಸ್ಟ್ಯಾಂಡಿನಾಗ ಕುಂತ್ರ, "ಟೀಚರ್, ಈ ವರ್ಷ ಮಳಿ ಹೆಂಗರಿ?" ಮದುವಿ ಮನ್ಯಾಗ ಊಟಕ್ಕ ಕುಂತ್ರ, "ಟೀಚರ್, ಭೂಕಂಪ ಆಗತದಂತಲ್ರಿ, ಖರೇ ಏನು?" ನನಗೇನು ಗೊತ್ತು? ಆದ್ರ "ಗೊತ್ತಿಲ್ಲ" ಅನ್ನೋ ಮಾತು ನನ್ನ ಬಾಯಾಗ ಬರಂಗಿಲ್ಲ. ಟೀಚರ್ ಆದವರಿಗಿ ಇದೊಂದು ರೋಗ. ಈ ರೋಗ ನನ್ನನ್ನ ಗ್ರೀಸ್ ದೇಶದ ಸಮುದ್ರದ ದಂಡಿ ತನಕ ಒಯ್ದು ಹೆಂಗ ನಿಲ್ಲಿಸ್ತು ಅನ್ನೋದನ್ನ ಹೇಳ್ತೀನಿ. ಹೇಳಾಕೂ ಸಾಕಾಗ್ಯದ, ಆದ್ರೂ ಹೇಳ್ತೀನಿ.

ಮೂರನೇ ಬೆಂಚು

ಏಳನೇ ಕ್ಲಾಸಿಗಿ ಮೆಡಿಟರೇನಿಯನ್ ಸಮುದ್ರದ ಪಾಠ ನಡದಿತ್ತು. ನನ್ನ ಕೋಲಿನ ತುದಿ ನಕಾಶೆದಾಗ ಗ್ರೀಸ್ ಮ್ಯಾಲಿತ್ತು. ಮೂರನೇ ಬೆಂಚಿನಾಗ ಕುಂತ ಒಬ್ಬ ಹುಡುಗಿ ಎದ್ದು ನಿಂತು, "ನೀವು ಇದನ್ನ ನೋಡೀರೇನ್ರಿ ಟೀಚರ್?" ಅಂದ್ಳು.

ನಾ ಮೆಡಿಟರೇನಿಯನ್ ಹೋಗ್ಲಿ, ಯಾವ ಸಮುದ್ರಾನೂ ನೋಡಿದಾಕಿ ಅಲ್ಲ. ನಾ ನೋಡಿದ ದೊಡ್ಡ ನೀರಂದ್ರ ನಾರಾಯಣಪುರ ಡ್ಯಾಮಿಂದು. ಅದೂ ಸಾಲಿ ಪ್ರವಾಸದಾಗ, ಅರವತ್ತು ಹುಡುಗರನ್ನ ಎಣಿಸ್ಕೋತ ನಿಂತಾಗ ನೀರಿನ ಕಡಿ ನೋಡಿದ್ದೂ ಕಮ್ಮಿ. ಆದ್ರ ಅವತ್ತು ಬಾಗಲದಾಗ ಹೆಡ್ ಮಾಸ್ತರು ಬಂದು ನಿಂತಿದ್ರು. ಬಾಯಿ ತಾನಾ "ಹೂಂ, ನೋಡೀನಿ" ಅಂತು.

"ಹೆಂಗದರಿ?"

"ಹಿಟ್ಟಿನಂಥಾ ಬಿಳಿ ಮರಳು. ಬರಿಗಾಲಿಲೆ ಅಡ್ಡಾಡಿ, ನೀರಾಗ ಕಾಲಿಟ್ಟು ನಿಂತಿದ್ದೆ" ಅಂದೆ.

ಇಡೀ ಕ್ಲಾಸು ಬಾಯಿ ತಕ್ಕೊಂಡು ಕುಂತಿತ್ತು. ಅಷ್ಟು ಸುಮ್ಮನ ಅವರು ಎಂದೂ ಕುಂತಿದ್ದಿಲ್ಲ. ಅಲ್ಲಿಗಿ ಅದು ಪಾಠದ ಒಂದು ಭಾಗಾನಾ ಆತು. ಪ್ರತಿ ವರ್ಷ ಹೇಳಬೇಕು, ಪ್ರತಿ ವರ್ಷ ಸ್ವಲ್ಪ ಬೆಳೀಬೇಕು. ಒಳಗ ಮಾತ್ರ ಮುಳ್ಳು ಮುರದಂಗ ಚುಚ್ಚತಿತ್ತು. ಮಕ್ಕಳಿಗಿ ಸುಳ್ಳು ಹೇಳಿದೆ, ಒಮ್ಮೆರೆ ಹೋಗಿ ಆ ನೀರಾಗ ಕಾಲಿಟ್ಟು ನಿಂತು ಹೇಳಿದ್ದನ್ನ ಖರೇ ಮಾಡಬೇಕು ಅನ್ನೋದೊಂದಾ ನನ್ನ ಆಸೆ ಆಗಿತ್ತು. ಆಸೆ ಹಂಗಾ ಉಳೀತು. ರಿಟೈರ್ ಆಗೋ ವರ್ಷಕ್ಕ ಆ ಸುಳ್ಳಿನಾಗ ಎರಡು ಹಡಗ, ಒಂದು ಡಾಲ್ಫಿನ್ ಸೇರಿದ್ವು.

ಪ್ಲಾಟ್‌ಫಾರ್ಮಿನ ಮ್ಯಾಲೆ

ಮೂರನೇ ಬೆಂಚಿನಾಕಿ ಈಗ ಶಹಾಪುರದಾಗ ಟೂರ್ ನಡಸ್ತಾಳ. ಕಾಶಿ, ರಾಮೇಶ್ವರ ಎಲ್ಲ ಮುಗಿಸಿ ಈಗ ಫಾರಿನ್ನಿಗಿ ಕೈ ಹಾಕ್ಯಾಳ. ಒಂದಿನ ಮನಿಗಿ ಬಂದು ಕಾಲಿಗಿ ಬಿದ್ದು, "ಟೀಚರ್, ಗ್ರೀಸಿಗಿ ಟೂರ್ ತಗದೀನ್ರಿ. ನೀವು ಬರಲೇಬೇಕು" ಅಂದ್ಳು.

"ನೀ ಮೊದಲ ನೋಡಿ ಬಂದೀ ಏನವ್ವ?"

"ನಾಕು ಸಲ ಹೋಗಿ ಬಂದೀನ್ರಿ."

ಎರಡೂ ಮಣಕಾಲಿಗಿ ಆಪರೇಷನ್ ಮಾಡಬೇಕು ಅಂತ ಡಾಕ್ಟರ್ ಹೇಳಿದ್ರು. ಮಾಡಿದ ಮ್ಯಾಲೆ ಹೆಂಗೋ ಏನೋ, ಇದ್ದ ಕಾಲಿಲೆ ಹೋಗಿ ಬರೋಣಂತ ಹೂಂ ಅಂದೆ. ಜೋಡಿಗಿರಲಿ ಅಂತ ನೆಗೆಣ್ಣಿನ್ನೂ ಕರಕೊಂಡೆ. ನನ್ನ ಮೈದುನನ ಹೆಂಡ್ತಿ, ಆಕಿದೂ ಶಹಾಪುರ.

ಯಾದಗಿರಿ ಸ್ಟೇಷನ್ನಿನಾಗ ಮುಂಬೈ ರೈಲಿಗಿ ಕಾದು ನಿಂತಿದ್ವಿ, ಒಟ್ಟು ಹದಿನೆಂಟು ಮಂದಿ. ಟೂರಿನಾಕಿ ಒಂದು ಸೂಟ್‌ಕೇಸಿನ ಮ್ಯಾಲೆ ಹತ್ತಿ ನಿಂತು ದೊಡ್ಡ ದನಿ ತಗದ್ಳು. "ಇವರು ನಮ್ಮ ಟೀಚರ್. ಗ್ರೀಸ್ ನಮಗಿಂತ ಮೊದಲಾ ನೋಡ್ಯಾರ. ಇವರು ಹೇಳಿದ್ದು ಕೇಳೇ ನಾ ಈ ಧಂದೆಕ್ಕ ಬಂದೀನಿ. ಏನು ಬೇಕಾದ್ರೂ ಇವರನ್ನ ಕೇಳ್ರಿ!"

ಯಾದಗಿರಿ ತಹಶೀಲ್ ಕಚೇರಿಯ ಒಬ್ಬರು ರಿಟೈರ್ಡ್ ಕ್ಲರ್ಕ್ ಸಾಹೇಬ್ರು ಲಗೂನ ನೋಟ್‌ಬುಕ್ ತಗದು, "ಟೀಚರಮ್ಮ, ಅಲ್ಲಿ ಬಿಸಿನೀರು ಎಷ್ಟು ಗಂಟೆಕ್ಕ ಬಿಡ್ತಾರ್ರಿ?" ಅಂದ್ರು. "ಆರಕ್ಕ" ಅಂದೆ. ಬರಕೊಂಡ್ರು. ಅಲ್ಲಿ ದಿನಾ ಪೂರ್ತಿ ಬಿಸಿನೀರು ಬರ್ತಿತ್ತು. ಪಾಪ, ಆ ಮನಿಷ್ಯಾ ಇಡೀ ಟೂರು ಆರಕ್ಕಾ ಎದ್ದು ಗಡಬಡಿಸಿ ಜಳಕ ಮಾಡಿದ್ರು.

ನೆಗೆಣ್ಣಿ ನನ್ನ ರಟ್ಟಿ ಹಿಡದು ಬಗಲಿಗಿ ಎಳಕೊಂಡ್ಳು. "ಅಕ್ಕ, ನೀ ಯಾವಾಗ ಹೋಗಿದ್ದಿ?"

"ನೀ ಲಗ್ನ ಆಗಿ ಬರೋಕಿಂತ ಮೊದಲ."

"ಅತ್ತಿ ಕಳಿಸಿದ್ಲೇನು?"

ನಮ್ಮತ್ತಿ ನನ್ನನ್ನ ಒಬ್ಬಾಕಿನ್ನ ಹುಣಸಗಿ ಸಂತಿಗೂ ಕಳಿಸಿದಾಕಿ ಅಲ್ಲ. ನೆಗೆಣ್ಣಿ ಅದನ್ನಾ ವಿಚಾರ ಮಾಡ್ಕೋತ ಸೊಲ್ಲಾಪುರ ತನಕ ಬಟ್ಟು ಮಡಚಿ ವರ್ಷ ಎಣಿಸಿದ್ಳು.

ಕರಿ ಹಣ್ಣು

ಗ್ರೀಸ್ ಮುಟ್ಟಿದ ಮರುದಿನ ಹೋಟೆಲಿನಾಗ ಮುಂಜಾನಿ ನಾಷ್ಟಾಕ್ಕ ಹೋದ್ವಿ. ಒಂದು ದೊಡ್ಡ ಬಟ್ಟಲದಾಗ ಕರ್ರಗ, ದುಂಡಗ ಹಣ್ಣು ತುಂಬಿಟ್ಟಿದ್ರು.

"ಅಕ್ಕ, ಇವೇನು?"

ನನಗ ಜೀವ ಬಂದಂಗ ಆತು. ಆಲಿವ್! ದ್ರಾಕ್ಷಿ, ನಿಂಬಿ, ಆಲಿವ್ ಅಂತ ಬೋರ್ಡಿನ ಮ್ಯಾಲೆ ಎಷ್ಟು ಸಲ ಬರದೀನೋ ಏನೋ. "ಆಲಿವ್ ಹಣ್ಣು. ನಮ್ಮ ನೇರಳಿಹಣ್ಣಿನಂಗ ಸಿಹಿ ಇರ್ತಾವ, ತಿನ್ರಿ" ಅಂದೆ. ಟೀಚರ್ ಹೇಳ್ಯಾರಂತ ಎಲ್ಲಾರೂ ತಾಟು ತುಂಬ ಸುರಕೊಂಡ್ರು. ಕ್ಲರ್ಕ್ ಸಾಹೇಬ್ರು ನಾಕು ಹಣ್ಣು ಒಮ್ಮೆಲೆ ಬಾಯಾಗ ಹಾಕಿದ್ರು.

ಮೊದಲು ನೆಗೆಣ್ಣಿ ಚೀರಿದ್ಳು. "ಯವ್ವಾ! ಉಪ್ಪಿನಕಾಯಿ ಜಾಡಿಯಾಗ ಬಿದ್ದದ್ದು ತಗದಿಟ್ಟಾರ ಅಕ್ಕ!" ಒಬ್ಬೊಬ್ಬರಾ ಮುಖ ಹಿಂಡಿಕೊಂಡು ಉಗುಳಾಕತ್ರು. ಕ್ಲರ್ಕ್ ಸಾಹೇಬ್ರು ಮರ್ಯಾದಸ್ಥ ಮನಿಷ್ಯಾ. ಉಗುಳಲಿಲ್ಲ, ನುಂಗಲೂ ಇಲ್ಲ. ಬಾಯಿ ಉಬ್ಬಿಸಿಕೊಂಡು ನನ್ನಾ ನೋಡ್ಕೋತ ಕುಂತ್ರು.

"ಹೋದ ಸಲ ಬಂದಾಗ ಸಿಹಿ ಇದ್ವಲ್ಲ" ಅಂದೆ. "ಈ ವರ್ಷ ಮಳಿ ಕಮ್ಮಿ ಆಗಿರಬೇಕು."

ಸಾಹೇಬ್ರು ಕಣ್ಣು ಮುಚ್ಚಿ ಗುಟುಕ್ ಅಂತ ನುಂಗಿದ್ರು. ನೀರು ಕುಡದ್ರು. ಆಮ್ಯಾಲೆ, "ಹೌದ್ರಿ ಟೀಚರಮ್ಮ, ನಮ್ಮ ಕಡಿ ಮಾವಿನಹಣ್ಣೂ ಈ ಸಲ ಹಂಗಾ ಆಗ್ಯಾವ" ಅಂದ್ರು.

ಮರುದಿನದಿಂದ ನೆಗೆಣ್ಣಿ ಖಡಕ್ ರೊಟ್ಟಿ, ಸೇಂಗಾ ಹಿಂಡಿ ಸೆರಗಿನಾಗ ಮುಚ್ಚಿಕೊಂಡು ನಾಷ್ಟಾಕ್ಕ ಬರಾಕತ್ತಿದ್ಳು.

ಕಲ್ಲಿನ ದಂಡಿ

ನಾಕನೇ ದಿನ ಸಮುದ್ರ. ಗದ್ದಲ ಇಲ್ಲದ, ಯಾರೂ ಬರದ ಒಂದು ದಂಡಿ ಅದ, ಅಲ್ಲಿಗಿ ದೋಣ್ಯಾಗಾ ಹೋಗಬೇಕು ಅಂದ್ಳು ಟೂರಿನಾಕಿ. ದೋಣಿ ಎಲ್ಲಿ ಸಿಗತದ ಅಂತ ಹುಡುಕೋದ್ರಾಗ ಆರು ಮಂದಿಗಿ ದಾರಿ ಕೇಳಿದ್ಳು. ಕಡೀಕ ಒಬ್ಬ ಮುದುಕ ದೋಣಿಯವ ಸಿಕ್ಕ. ನಮ್ಮನ್ನ ಆ ದಂಡಿಗಿ ಇಳಿಸಿ, ನಾಕು ಬಟ್ಟು ತೋರಿಸಿ ನಾಕಕ್ಕ ಹೊರಡೋದಂತ ಹೇಳಿ, ದೋಣ್ಯಾಗಾ ಅಡ್ಡಾದ.

ಎರಡೂ ಕಡಿ ಗುಡ್ಡ, ನಡುವ ನೀಲಿ ನೀರು. ಒಂದು ನರಪಿಳ್ಳಿ ಇಲ್ಲ. ಕೆಳಗ ನೋಡಿದೆ. ಮರಳಿನ ಒಂದು ಕಣ ಇಲ್ಲ. ದಂಡಿ ತುಂಬ ದುಂಡು ದುಂಡನ ಕಲ್ಲು. ಲಿಂಬಿಹಣ್ಣಿನಷ್ಟು ಕೆಲವು, ಬದನಿಕಾಯಿಯಷ್ಟು ಕೆಲವು. ಕಾಲಿಟ್ರ ಸರ್ ಅಂತ ಜಾರ್ತಾವ. ನನ್ನ ಮಣಕಾಲಿಗಿ ಒಂದು ಹೆಜ್ಜಿ ಅಂದ್ರ ಒಂದು ಗುಡ್ಡ. ನೀರಿಗಿ ಇಪ್ಪತ್ತು ಹೆಜ್ಜಿ ಇತ್ತು. ದೋಣಿ ಹಲಗಿ ಇಳದಲ್ಲೇ ಒಂದು ಬಂಡೆಗಲ್ಲಿನ ಮ್ಯಾಲೆ ಕುಂತುಬಿಟ್ಟೆ. ಇಷ್ಟು ದೂರ ಬಂದು ಇಪ್ಪತ್ತು ಹೆಜ್ಜಿಗಿ ಸೋತೆನಲ್ಲ ಅಂತ ಕಣ್ಣಾಗ ನೀರು ಬಂದ್ವು.

ನೆಗೆಣ್ಣಿಗಿ ಬ್ಯಾರೆ ಸಿಟ್ಟು. "ಶಹಾಪುರದಾಗ ಮುಂಜಾನಿ ಎದ್ರ ಕಲ್ಲು, ಬಾಗಲ ತಗದ್ರ ಕಲ್ಲು. ವಿಮಾನ ಹತ್ತಿ ಬಂದ್ರ ಇಲ್ಲೂ ಕಲ್ಲಾ?" ಅಂದ್ಳು. ಆಮ್ಯಾಲೆ ನನ್ನ ಕಡಿ ತಿರುಗಿದ್ಳು. ಟೂರಿನಾಕಿನೂ ತಿರುಗಿದ್ಳು. ಹದಿನೇಳೂ ಮಂದಿ ತಿರುಗಿದ್ರು.

"ಟೀಚರ್, ನೀವು ಹೇಳಿದ್ರಲ್ಲ, ಹಿಟ್ಟಿನಂಥಾ ಬಿಳಿ ಮರಳು. ಎಲ್ಲದರಿ?" ಅಂದ್ಳು ಟೂರಿನಾಕಿ.

ನನಗ ಬುದ್ಧಿ ಖರ್ಚಾಗಿ ಹೋಗಿತ್ತು. ಬಾಯಿಗಿ ಬಂದದ್ದು ಅಂದೆ. "ಆವಾಗ ಇತ್ತವ್ವ. ಯಾರೋ ತುಂಬಿಕೊಂಡು ಹೋಗ್ಯಾರ."

ಕೃಷ್ಣಾ, ಭೀಮಾ ಹೊಳಿ ದಂಡಿ ನೋಡಿದ ಮಂದಿಗಿ ಇದಕ್ಕಿಂತ ಖರೇ ಮಾತು ಇನ್ನೊಂದಿಲ್ಲ. ಒಬ್ಬರೂ ಯಾಕ ಅನ್ನಲಿಲ್ಲ, ಹೆಂಗ ಅನ್ನಲಿಲ್ಲ. "ಇಲ್ಲೂ ಬಿಟ್ಟಿಲ್ಲೇನ್ರಿ ಸುಡುಗಾಡು ಮಂದಿ!" ಅಂತ ಒಬ್ಬರು ಬಡಕೊಂಡ್ರು. "ತಳ ತನಕ ಕೆತ್ತ್ಯಾರ ನೋಡ್ರಿ, ಕಲ್ಲು ತೇಲ್ಯಾವ" ಅಂತ ಇನ್ನೊಬ್ಬರು ತೋರಿಸಿದ್ರು. ಕ್ಲರ್ಕ್ ಸಾಹೇಬ್ರು ಗುಡ್ಡದ ಸುತ್ತ ಕಣ್ಣಾಡಿಸಿ, "ಟಿಪ್ಪರ್ ಬರಾಕ ದಾರಿ ಇಲ್ಲಲ್ಲ" ಅಂತ ವಿಚಾರ ಮಾಡಿದ್ರು. ಆಮ್ಯಾಲೆ ತಾವಾ ಉತ್ತರ ಕೊಟ್ಕೊಂಡ್ರು. "ಹಡಗ ಹಚ್ಚ್ಯಾರ."

ಸಾಕ್ಷಿ

ಮೂರೂವರಿ ಆಗಿತ್ತು. ನಾ ಬಂಡೆಗಲ್ಲು ಬಿಟ್ಟು ಎದ್ದಿದ್ದಿಲ್ಲ. ನೆಗೆಣ್ಣಿ ಬಂದು ನನ್ನ ಮುಖಾ ನೋಡಿದ್ಳು. "ಅಕ್ಕ, ನೀರಿಗಿ ಹೋಗ್ತಿ?" ಹೂಂ ಅಂದೆ. ಆಕಿ ದೋಣ್ಯಾಗಿನ ಜಮಖಾನಿ ತಂದು ಕಲ್ಲಿನ ಮ್ಯಾಲೆ ಹಾಸಿದ್ಳು. ಒಂದು ಕಡಿ ಆಕಿ, ಒಂದು ಕಡಿ ಟೂರಿನಾಕಿ ರಟ್ಟಿ ಹಿಡದ್ರು. ಐದು ಹೆಜ್ಜಿ ನಡೀಬೇಕು, ಜಮಖಾನಿ ಎಳದು ಮುಂದ ಹಾಸಬೇಕು, ಮತ್ತ ಐದು ಹೆಜ್ಜಿ. ಮೂರು ಸಲ ಕುಂತೆ. ಕಡೀಕ ಕಾಲಿಗಿ ನೀರು ಹತ್ತಿತು.

ಥಂಡ ನೀರು. ತಿಳಿ ಅಂದ್ರ ತಿಳಿ, ನನ್ನ ಕಾಲಿನ ಬಟ್ಟು ಎಣಿಸೋ ಹಂಗಿತ್ತು. ಮೂವತ್ಮೂರು ವರ್ಷ ಕೋಲಿಲೆ ಮುಟ್ಟಿದ ಸಮುದ್ರ ಅದು. ಅಳು ತಡಕೊಳ್ಳಾಕ ಆಗಲಿಲ್ಲ. ನಿಂತಲ್ಲೇ ಅತ್ತೆ. ಇವತ್ತಿಗಿ ಹೇಳಿದ್ದೆಲ್ಲ ಖರೇ ಆತು, ಇನ್ನ ಯಾರೂ ಏನೂ ಕೇಳೋದು ಬ್ಯಾಡ ಅಂತ ಕಣ್ಣು ಮುಚ್ಚಿದೆ.

"ಟೀಚರಮ್ಮ!"

ಕ್ಲರ್ಕ್ ಸಾಹೇಬ್ರು ಪ್ಯಾಂಟು ಮಣಕಾಲಿನ ತನಕ ಮಡಚಿ ನೀರಾಗ ಬಂದು ನಿಂತಿದ್ರು. ಕೈಯಾಗ ನೋಟ್‌ಬುಕ್. ಈ ಅರ್ಧಾ ತಾಸಿನಾಗ ಅರ್ಜಿ ಬರದು ಮುಗಿಸ್ಯಾರ, ಅಚ್ಚ ಕನ್ನಡದಾಗ. "ಮಾನ್ಯ ಜಿಲ್ಲಾಧಿಕಾರಿಗಳು, ಗ್ರೀಸ್ ಇವರಿಗೆ. ವಿಷಯ: ಸಮುದ್ರದ ಮರಳು ಕಳವಾದ ಬಗ್ಗೆ." ಕೆಳಗ ಹದಿನಾರು ಸಹಿ. ದೋಣಿ ಮುದುಕನೂ ಏನಂತ ತಿಳಕೊಂಡನೋ, ನಕ್ಕೋತ ದೊಡ್ಡ ಸಹಿ ಎಳದಿದ್ದ.

"ನೀವು ಇಲ್ಲಿ ಹಾಕ್ರಿ. ಮರಳು ಇದ್ದದ್ದು ಕಣ್ಣಾರೆ ಕಂಡ ಸಾಕ್ಷಿ ಅಂದ್ರ ನೀವೊಬ್ಬರಾ."

ಪೆನ್ನು ಕೈಯಾಗ ಬಂತು. ಕೈ ಏಳಲಿಲ್ಲ. ಬಾಯಿಲೆ ಎಷ್ಟು ಹೇಳಿದ್ರೂ ಹೇಳೇನಿ, ನನ್ನ ಇಡೀ ಸರ್ವಿಸಿನಾಗ ಸುಳ್ಳಿಗಿ ಸಹಿ ಹಾಕಿದಾಕಿ ಅಲ್ಲ.

"ಸಾಹೇಬ್ರ, ನಾ ಎಂದೂ ಇಲ್ಲಿಗಿ ಬಂದಿಲ್ಲ" ಅಂದೆ. "ಇದಾ ಮೊದಲು. ಮರಳೂ ಸುಳ್ಳು, ಡಾಲ್ಫಿನ್ನೂ ಸುಳ್ಳು. ಸಾಲ್ಯಾಗ ಹೇಳಿದ್ದೆಲ್ಲ ಸುಳ್ಳು."

ನೆಗೆಣ್ಣಿ, "ನಾ ಅವತ್ತಾ ಅಂದೆ, ಅತ್ತಿ ಹೆಂಗ ಕಳಿಸಿದ್ಲು ಅಂತ!" ಅಂದ್ಳು. ನನಗ ಟೂರಿನಾಕಿನ್ನ ನೋಡಾಕ ಧೈರ್ಯ ಆಗಲಿಲ್ಲ. ನನ್ನ ಮಾತು ನಂಬಿ ಜೀವನಾ ಕಟ್ಟಿಕೊಂಡಾಕಿ. ಆಕಿ ನನ್ನ ರಟ್ಟಿ ಇನ್ನಷ್ಟು ಬಿಗಿ ಹಿಡದು, ಸಣ್ಣ ದನಿಲೆ ಅಂದ್ಳು. "ನಾನೂ ಇದಾ ಮೊದಲ ಸಲರಿ ಟೀಚರ್. ನಾಕು ಸಲ ಬಂದೀನಿ ಅನ್ನದಿದ್ರ ನೀವೆಲ್ಲ ಬರ್ತಿದ್ರೇನು?"

ಕ್ಲರ್ಕ್ ಸಾಹೇಬ್ರು ಇಬ್ಬರದೂ ಕೇಳಿದ್ರು. ಕನ್ನಡಕ ತಗದು ಒರಸಿ ಹಾಕ್ಕೊಂಡ್ರು. ನೋಟ್‌ಬುಕ್ ಮುಚ್ಚತಾರ ಅಂತ ಮಾಡಿದ್ದೆ. ಮುಚ್ಚಲಿಲ್ಲ.

"ಅಷ್ಟಕ್ಕ ಯಾಕ ಅಳ್ತೀರಿ ಟೀಚರಮ್ಮ? ಮೂವತ್ತೈದು ವರ್ಷ ಪಂಚನಾಮಿ ಬರದಾಂವ ನಾನು. ಕಣ್ಣಾರೆ ಕಂಡೀವಿ ಅಂತ ಸಹಿ ಹಾಕಿದವರಾಗ ಕಂಡವರು ಒಬ್ಬರೂ ಇದ್ದಿಲ್ಲ, ಮನ್ಯಾಗಾ ಕುಂತು ಹಾಕ್ತಿದ್ರು. ನೀವರೆ ಸ್ಥಳಕ್ಕ ಬಂದು ನಿಂತೀರಿ. ಹಾಕ್ರಿ, ಹಾಕ್ರಿ."