ಗುರುತಿಲ್ಲದ ವಿಳಾಸದಿಂದ ಬಂದ ಚಿಟಿಕೆ ಕಾಯಿನ್

ಲೆಕ್ಕ ಕೂಡದಿದ್ದರೆ ನನಗೆ ಊಟ ಸೇರುವುದಿಲ್ಲ. ಇದನ್ನು ಗುಣವೆಂದು ಹೇಳಿಕೊಳ್ಳುತ್ತಿಲ್ಲ, ಒಂದು ಬಗೆಯ ಕಾಯಿಲೆಯೆಂದೇ ತಿಳಿಸುತ್ತಿದ್ದೇನೆ. ಶಹಾಬಾದಿನ ಒಂದು ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಒಂದು ಲಾರಿ ಕಲ್ಲು ಹೊರಟರೆ ಮಾಲಿಕರದೊಂದು ಲೆಕ್ಕ, ಲಾರಿಯವನದೊಂದು, ಕೊಂಡವರದೊಂದು. ಈ ಮೂರನ್ನೂ ಹೊಂದಿಸುವುದರಲ್ಲೇ ನನ್ನ ತಲೆಗೂದಲು ಅರ್ಧ ಖರ್ಚಾಗಿದೆ. ಮನೆಯಲ್ಲೂ ಅದೇ ಚಾಳಿ. ತಿಂಗಳ ಕೊನೆಯಲ್ಲಿ ದೂರದಿಂದ ನನ್ನನ್ನು ಕಂಡರೆ ಹಾಲಿನವನು ಗಾಡಿ ತಿರುಗಿಸಿಬಿಡುತ್ತಾನೆ.

ಇಂಥ ನನ್ನನ್ನು ನಂಬಿ ನನ್ನ ಷಡ್ಡಕ ಶಿವಶರಣಪ್ಪನವರು ಒಮ್ಮೆ ಕ್ರಿಪ್ಟೊ ಕಾಯಿನ್ ಕೊಳ್ಳೋಣ ಎಂದರು. ಅವರು ನನ್ನ ಹೆಂಡತಿ ಮಹಾದೇವಿಯ ಅಕ್ಕನ ಗಂಡ, ವಾಡಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್. "ಇಬ್ಬರೂ ಸಮಾ ಹಾಕೋಣ್ರಿ. ನಿಮ್ಮ ಫೋನಿನ್ಯಾಗೇ ಇರ್ಲಿ. ಹಿಸಾಬ್ ನೀವೇ ನೋಡ್ರಿ, ನಿಮ್ಮಷ್ಟು ಪಕ್ಕಾ ಮನುಷ್ಯಾ ನಮ್ಮ ಬಳಗದಾಗ ಇಲ್ಲ" ಎಂದರು. ಹೊಗಳಿಕೆಗೆ ಉಬ್ಬದ ಲೆಕ್ಕಿಗ ಇನ್ನೂ ಹುಟ್ಟಿಲ್ಲ. ನಾನು ಉಬ್ಬಿದೆ, ಕೊಂಡೆ, ಕೊಂಡದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಸಾಲಾಗಿ ಬರೆದಿಟ್ಟೆ.

ಹೀಗಿರುವಾಗ ಅವರಿಂದ ಫೋನು ಬಂತು. ಚಿತ್ತಾಪುರದಲ್ಲಿ ಪ್ಲಾಟ್ ನೋಡಿದ್ದಾರಂತೆ, ಭಾನುವಾರ ಬರುತ್ತಾರಂತೆ, ಲೆಕ್ಕ ನೋಡಿ ಅವರ ಅರ್ಧ ಅವರಿಗೆ ಕೊಡಬೇಕಂತೆ. ಅದಕ್ಕೇನು ಎಂದುಕೊಂಡು ನಾನು ಬರೆದ ಲೆಕ್ಕವನ್ನು ಫೋನಿನಲ್ಲಿ ಕಾಣುವ ಕಾಯಿನ್ ಮೊತ್ತದ ಪಕ್ಕಕ್ಕಿಟ್ಟು ನೋಡಿದೆ. ಕೂಡಲಿಲ್ಲ. ಕಡಿಮೆ ಇತ್ತು. ಎದ್ದು ನೀರು ಕುಡಿದು ಬಂದು ನೋಡಿದೆ, ಅಷ್ಟೇ ಕಡಿಮೆ ಇತ್ತು. ಎರಡು ದಿನ ಬಿಟ್ಟು ನೋಡಿದರೆ ಈಗ ಹೆಚ್ಚಾಗಿತ್ತು! ಕಡಿಮೆ ಬಿದ್ದರೆ ಯಾರೋ ಕದ್ದರು ಎನ್ನಬಹುದು. ಹೆಚ್ಚು ಬಿದ್ದರೆ ಯಾರ ಹೆಸರು ಹೇಳುವುದು?

ವಹಿವಾಟಿನ ಪೂರ್ತಿ ಇತಿಹಾಸವನ್ನು ತೆಗೆಸಿದೆ. ನಾನು ಮಾಡದ ಸಾಲುಗಳು ಅದರಲ್ಲಿದ್ದವು. ಒಂದೇ ವಿಳಾಸಕ್ಕೆ ಒಂದಿಷ್ಟು ಹೋಗಿದೆ, ಅದೇ ವಿಳಾಸದಿಂದ ಒಂದಿಷ್ಟು ಬಂದಿದೆ, ಮತ್ತೆ ಹೋಗಿದೆ, ಮತ್ತೆ ಬಂದಿದೆ. ವಿಳಾಸವೆಂದರೆ ಊರು ಓಣಿ ಅಲ್ಲ, ಅಕ್ಷರ ಅಂಕಿಗಳ ಉದ್ದನೆಯ ಸರಪಳಿ. ಕಳಿಸಿದಾಗಲೆಲ್ಲ ಕಾಯಿನ್ ಜಾಲದವರು ತಮ್ಮ ಫೀಯನ್ನೂ ಹಿಡಿದುಕೊಂಡಿದ್ದರು. ಆ ವಿಳಾಸವನ್ನು ಇಂಟರ್ನೆಟ್ಟಿನಲ್ಲಿ ಹಾಕಿ ನೋಡಿದರೆ ಅದರ ಲೆಕ್ಕವೆಲ್ಲ ಬಯಲಿಗೆ ಬಂತು. ಯಾರು ಬೇಕಾದರೂ ನೋಡಬಹುದು, ಹೆಸರು ಮಾತ್ರ ಗೊತ್ತಾಗುವುದಿಲ್ಲ. ಅಲ್ಪಸ್ವಲ್ಪ ಕಾಯಿನ್ ಕೊಂಡದ್ದನ್ನು ಬಿಟ್ಟರೆ ಆ ಅಪರಿಚಿತನಿಗೆ ಇಡೀ ಜಗತ್ತಿನಲ್ಲಿ ವ್ಯವಹಾರ ಇದ್ದದ್ದು ನನ್ನೊಬ್ಬನ ಜೊತೆಗೆ ಮಾತ್ರ. ಬಾಗಿಲ ಚಿಲಕ ಹಾಕಿದೆಯೇ ಎಂದು ಎದ್ದು ಹೋಗಿ ನೋಡಿ ಬಂದೆ.

ಹೆದರಿಕೆಯ ಜೊತೆಗೆ ಬೆರಗೂ ಆಯಿತೆಂದು ಒಪ್ಪಿಕೊಳ್ಳಬೇಕು. ನನ್ನ ಕಾರ್ಖಾನೆಯಲ್ಲಿ ಮೂವರ ಲೆಕ್ಕ ಒಂದಾಗುವುದಿಲ್ಲ. ಇಲ್ಲಿ ಒಂದನ್ನೊಂದು ನೋಡದ ಸಾವಿರಾರು ಯಂತ್ರಗಳು ದೇಶ ದೇಶಗಳಲ್ಲಿ ಕುಳಿತು ಒಂದೇ ಲೆಕ್ಕವನ್ನು ಬರೆದಿವೆ, ಒಂದರಲ್ಲೂ ಕಾಟು ಹೊಡೆದಿಲ್ಲ, ಮಾಲಿಕನೇ ಬಂದು ಹೇಳಿದರೂ ಅಳಿಸುವುದಿಲ್ಲ. ಶಾಲೆಯಲ್ಲಿದ್ದಾಗ ನಮ್ಮನ್ನು ಹಳೆಯ ಬೌದ್ಧ ಸ್ತೂಪ ಇರುವ ಸನ್ನತಿಗೆ ಕರೆದೊಯ್ದಿದ್ದರು. ಅಲ್ಲಿಯ ಕಲ್ಲುಗಳ ಮೇಲೆ ದಾನ ಕೊಟ್ಟವರ ಹೆಸರು ಕೆತ್ತಿದ್ದಾರೆಂದು ಮಾಸ್ತರರು ತೋರಿಸಿದಾಗ, ಇಷ್ಟು ಹಳೆಯ ಜಮಾ ಇನ್ನೂ ಅಳಿಯದೆ ಇದೆಯಲ್ಲ ಎಂದು ಬಾಯಿ ತೆರೆದು ನಿಂತಿದ್ದೆ. ಅಂಥದೇ ಬೆರಗು ಈಗ ಮತ್ತೆ ಆಯಿತು.

ಆದರೆ ಬೆರಗಿನಿಂದ ಷಡ್ಡಕನಿಗೆ ಉತ್ತರ ಹೇಳಲಾಗುವುದಿಲ್ಲ. ಅರ್ಧ ಅವರದು. ಅವರ ಮುಂದೆ ಯಾವ ಮುಖ ಇಟ್ಟುಕೊಂಡು ಕೂಡುವುದು? ಆಗ ಮನಸ್ಸಿನ ಮೂಲೆಯಲ್ಲಿ ಒಂದು ಯೋಚನೆ ಎದ್ದಿತು. ಆ ಖಾತೆಯ ಪಿನ್ ನಂಬರು ಗೊತ್ತಿದ್ದದ್ದು ನನಗೆ, ಬಿಟ್ಟರೆ ಅವರಿಗೆ. ಕೈಯಾಡಿಸಿದವರು ಅವರೇ ಏಕೆ ಆಗಿರಬಾರದು? ಹಾಗೆ ಅಂದುಕೊಂಡ ಮೇಲೆ ನನಗೆ ತುಸು ಸಮಾಧಾನವೂ ಆಯಿತು.

ಭಾನುವಾರ ಬೆಳಿಗ್ಗೆ ತಡೆಯಲಾಗದೆ, ರೊಟ್ಟಿ ಬಡಿಯುತ್ತಿದ್ದ ಮಹಾದೇವಿಯ ಮುಂದೆ ನಿಂತು ಆ ವಿಳಾಸವನ್ನು ತೋರಿಸಿದೆ. ಅವಳು ಹಿಟ್ಟಿನ ಕೈಯನ್ನು ದೂರ ಹಿಡಿದು ನೋಡಿದಳು.

"ಇದು ಅಕ್ಕಂದಲ್ರಿ" ಎಂದಳು.

"ಯಾವ ಅಕ್ಕ?"

"ನನಗೆಷ್ಟ ಮಂದಿ ಅಕ್ಕಂದಿರು ಅದಾರ? ಭಾವಾರು ಅಕಿ ಫೋನಿನ್ಯಾಗೂ ಈ ಕಾಯಿನ್ ಖಾತೆ ಹಾಕಿಕೊಟ್ಟಾರ. ಒಳಗ ಏನೂ ಇಲ್ಲ, ಒಂದೀಟು ಹೆಪ್ಪಿಗೆ ಕೊಡು ಅಂದಳು. ಕಳಸ್ದೆ."

"ನಿನಗೆ ಪಿನ್ ಹೇಗೆ ಗೊತ್ತು?"

"ಮೊದಲ ದಿನ ಭಾವಾರಿಗೆ ಒದರಿ ಹೇಳಾಕತ್ತಿದ್ರಿ. ಓಣಿಗೆಲ್ಲ ಕೇಳಿಸ್ಯದ."

ಮುಂದಿನದನ್ನು ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು. ಅಕ್ಕ ಇಸಕೊಂಡದ್ದನ್ನು ವಾಪಸು ಕಳಿಸಿದಳು. ಇಸಕೊಂಡಷ್ಟೇ ಕೊಟ್ಟರೆ ಚೆನ್ನಲ್ಲವೆಂದು ತಾನೇ ಚಿಟಿಕೆ ಕೊಂಡು ಹೆಚ್ಚು ಹಾಕಿದಳು. ಹೆಚ್ಚು ಬಂದದ್ದನ್ನು ಇವಳು ಸುಮ್ಮನೆ ಇಟ್ಟುಕೊಳ್ಳಲಾಗುತ್ತದೆಯೇ? ತನ್ನದೂ ಚಿಟಿಕೆ ಸೇರಿಸಿ ತಿರುಗಿ ಕಳಿಸಿದಳು. "ಮಂದಿ ಮನಿ ಡಬ್ಬಿ ಖಾಲಿ ಕೊಡ್ತಾರೇನ್ರಿ? ಸಕ್ರಿನೋ ಕಡ್ಲಿನೋ ಏನರೆ ಹಾಕೇ ಕೊಡ್ತಾರ" ಎಂದು ನನ್ನನ್ನೇ ಕೇಳಿದಳು. ಶಹಾಬಾದಿನ ಅಡಿಗೆಮನೆಯಿಂದ ವಾಡಿಯ ಅಡಿಗೆಮನೆಗೆ ಹೋಗಿ ಬರುತ್ತಿದ್ದ ಡಬ್ಬಿಯನ್ನು ಇಡೀ ಲೋಕದ ಯಂತ್ರಗಳು ಕಣ್ಣು ಮಿಟುಕಿಸದೆ ದಾಖಲು ಮಾಡಿಕೊಂಡಿದ್ದವು. ನಾನು ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ.

ಶಿವಶರಣಪ್ಪನವರು ಬಂದರು. ಚಹಾ ಕುಡಿಯದೆ, "ಮೊದಲ ಹಿಸಾಬ್ ತೋರಿಸ್ರಿ" ಎಂದರು. ದನಿ ಗಡುಸಾಗಿತ್ತು. ತೋರಿಸಿದೆ. ಅವರು ಬೆರಳಿಟ್ಟದ್ದು ನೇರವಾಗಿ ಆ ವಿಳಾಸದ ಮೇಲೆಯೇ.

"ಇದು ಯಾರದ್ರಿ?"

"ನಿಮ್ಮ ಮನೆಯದು" ಎಂದೆ. ಅವರು ನಂಬಲಿಲ್ಲ. ಹೆಂಡತಿಗೆ ಫೋನು ಹಚ್ಚಿ, ಅವಳ ವಿಳಾಸ ತರಿಸಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿದರು. ಆಮೇಲೆ ಫೋನನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು.

"ಪ್ಲಾಟ್ ಗೀಟ್ ಏನೂ ಇಲ್ರಿ" ಎಂದರು. "ಗಾಡಿ ಹಿಂದಿನ ಡಬ್ಬ್ಯಾಗ ಕುಂತು ದಿನಾ ಇಂಟರ್ನೆಟ್ಟಿನ್ಯಾಗ ನಮ್ಮ ಖಾತೆ ನೋಡ್ತಿದ್ದೆ. ಮಾಲು ಹೊರಗ ಹೋಗೋದು ಕಾಣ್ತಿತ್ತು. ನೀವೇ ಸರಿಸಾಕತ್ತೀರಿ ಅಂತ ತಿಳದಿದ್ದೆ. ತಪ್ಪಾತ್ರಿ."

"ಇರಲಿ ಬಿಡ್ರಿ ಅಣ್ಣಾರ" ಎಂದೆ, ದೊಡ್ಡ ಮನಸ್ಸಿನವನಂತೆ. ನನ್ನ ಅನುಮಾನದ ಮಾತನ್ನು ನಾನು ಎತ್ತಲಿಲ್ಲ. ಅವರು ರೊಟ್ಟಿ ಉಂಡು, ಅರ್ಧ ಕೇಳದೆ, ಸಂಜೆಯ ಗಾಡಿಗೆ ಹೋದರು. ನಾನು ಲೆಕ್ಕವನ್ನು ಹೊಂದಿಸಿ ಮುಗಿಸಿದೆ, ಹೊಟ್ಟೆ ತುಂಬ ಉಂಡೆ.

ನಿನ್ನೆ ನೋಡಿದರೆ ಖಾತೆಯಲ್ಲಿ ಮತ್ತೆ ಚಿಟಿಕೆ ಹೆಚ್ಚು. ಅದೇ ವಿಳಾಸದಿಂದ. ಮಹಾದೇವಿ ಅಕ್ಕನನ್ನು ಕೇಳಿದಳು. ಅಕ್ಕ, "ನಾ ಅಲ್ಲವ್ವಾ, ಈ ಸಲ ಅವರೇ ಕೂತು ಕಳಸ್ಯಾರ" ಎಂದಳಂತೆ. ನನ್ನ ಮೇಲೆ ಪಟ್ಟ ಅನುಮಾನಕ್ಕೆ ಅವರು ಹಾಕಬೇಕಾದ್ದನ್ನು ಹಾಕಿ ಮುಗಿಸಿದ್ದಾರೆ. ಅವರ ಮೇಲೆ ನಾನು ಪಟ್ಟು ಬಾಯಿ ಬಿಡದ ಅನುಮಾನಕ್ಕೆ ಎಷ್ಟು ಹಾಕಬೇಕೋ ತಿಳಿಯದೆ ನಾನು ಫೋನು ಹಿಡಿದು ಕುಳಿತಿದ್ದೇನೆ. ಇದೇನೂ ಗೊತ್ತಿಲ್ಲದ ಮಹಾದೇವಿ ಹೆಗಲ ಮೇಲಿಂದ ಬಗ್ಗಿ ನೋಡಿ, "ಇನ್ನೊಂದೀಟು ಹಾಕ್ರಿ" ಎನ್ನುತ್ತಿದ್ದಾಳೆ.