ಡ್ರಿಲ್ ಮಾಸ್ಟರಿಗಿಂತ ಒಂದು ಓಟು ಹೆಚ್ಚು

ಕೆಲವರ ಪಕ್ಕದ ಮನೆಯಲ್ಲಿದ್ದರೆ ಸಾಕು, ನಗುವುದಕ್ಕೆ ಬೇರೆ ಖರ್ಚು ಮಾಡಬೇಕಾಗಿಲ್ಲ. ತಿರುವನಂತಪುರದಲ್ಲಿ ನಾನು ಬಾಡಿಗೆಗೆ ಹಿಡಿದ ಮನೆ ಅಂಥದ್ದು. ಪಕ್ಕದಲ್ಲಿ ನಮ್ಮ ಆಫೀಸಿನಿಂದಲೇ ನಿವೃತ್ತರಾದ ಮೈಸೂರಿನ ಸೂಪರಿಂಟೆಂಡೆಂಟರು ಇದ್ದರು. ಕೇಂದ್ರ ಸರಕಾರದ ಆಫೀಸು ಅದು. ನಾನು ಉಡುಪಿ ಕಡೆಯಿಂದ ಬಂದ ಕಿರಿಯ ಗುಮಾಸ್ತ, ಇನ್ನೂ ಮದುವೆಯಾಗಿರಲಿಲ್ಲ. ಭಾನುವಾರದ ಊಟ ಅವರ ಮನೆಯಲ್ಲೇ ಆಗುತ್ತಿತ್ತು. ಹಾಗಾಗಿ ಅವರ ಬಗ್ಗೆ ಬರೆಯುವಾಗ ಸ್ವಲ್ಪ ಉಪ್ಪಿನ ಋಣ ನೆನೆದೇ ಬರೆಯುತ್ತೇನೆ. ಪೂರ್ತಿ ನೆನೆದರೆ ಬರೆಯುವುದಕ್ಕೇ ಆಗುವುದಿಲ್ಲ.

ಅರವತ್ತೈದರಲ್ಲಿ ಕೇರಳದ ವಿಧಾನಸಭೆಗೆ ಚುನಾವಣೆ ಬಂತು. ಸೂಪರಿಂಟೆಂಡೆಂಟರು ಪಕ್ಷೇತರರಾಗಿ ನಿಂತರು. ಅವರು ಗೆಲ್ಲುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ, ಅವರೂ ಅಂದುಕೊಂಡಿರಲಿಲ್ಲ. ಆ ಸಲ ಗೆದ್ದವರಿಗಾದರೂ ಏನು ಸಿಕ್ಕಿತು? ಯಾರಿಗೂ ಬಹುಮತ ಬಾರದೆ ಆ ವಿಧಾನಸಭೆ ಒಂದು ದಿನವೂ ಸೇರಲಿಲ್ಲ. ಗೆದ್ದವರೂ ಮನೆಯಲ್ಲೇ ಕೂತರು. ಆದ್ದರಿಂದ ಶಾಸಕರಾಗಲಿಲ್ಲವಲ್ಲ ಎಂದು ಅವರಿಗಾಗಿ ಯಾರೂ ಮರುಗಬೇಕಾಗಿಲ್ಲ. ಅವರು ಪಣಕ್ಕಿಟ್ಟಿದ್ದೇ ಬೇರೆ.

ಅಮ್ಮನ ಷರತ್ತು

ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಗಂಡ ನಿವೃತ್ತರಾದ ದಿನದಿಂದ ಅಮ್ಮನದು ಒಂದೇ ರಾಗ: ಮೈಸೂರಿಗೆ ಹೋಗೋಣ. ತಮ್ಮ ಅಲ್ಲಿ ಮನೆ ನೋಡಿಟ್ಟಿದ್ದಾನೆ, ನಂಟರು ಇದ್ದಾರೆ, ಇಲ್ಲಿ ನಮ್ಮವರು ಅಂತ ಯಾರಿದ್ದಾರೆ? ಸೂಪರಿಂಟೆಂಡೆಂಟರಿಗೆ ಆ ಪ್ರಶ್ನೆ ಕೇಳಿದರೇ ಸಿಟ್ಟು. ಕೊಚ್ಚಿಯಲ್ಲಿ ಒಂಬತ್ತು ವರ್ಷ, ಇಲ್ಲಿ ಹದಿನಾರು ವರ್ಷ ಕಳೆದಿದ್ದೇನೆ, ದಾರಿಯಲ್ಲಿ ಹೋದರೆ ನೂರು ಜನ 'ಸ್ವಾಮಿ' ಎಂದು ನಿಂತು ಮಾತಾಡಿಸುತ್ತಾರೆ, ಇವರೇ ನಮ್ಮವರು ಎಂದು ವಾದಿಸುತ್ತಿದ್ದರು. ಮಾತಾಡಿಸುವುದು ಬೇರೆ, ನಮ್ಮವರು ಅನ್ನುವುದು ಬೇರೆ ಎಂದು ಅಮ್ಮ.

ಈ ಜಗಳ ನಡೆಯುತ್ತಿದ್ದ ಹೊತ್ತಿಗೆ ಒಂದು ಪಕ್ಷದವರು ಓಟು ಕೇಳುವುದಕ್ಕೆ ಬಂದರು. ಪಟ್ಟಿ ನೋಡಿ, ಓ, ಇವರು ಹೊರಗಿನವರು, ಚುನಾವಣೆ ಹೊತ್ತಿಗೆ ಊರಿಗೆ ಹೋಗಿರುತ್ತಾರೆ ಎಂದು ತಮ್ಮತಮ್ಮಲ್ಲೇ ಮಲಯಾಳದಲ್ಲಿ ಮಾತಾಡಿಕೊಂಡು, ಚೀಟಿ ಕೂಡ ಕೊಡದೆ ಮುಂದಿನ ಮನೆಗೆ ಹೋದರು. ಸೂಪರಿಂಟೆಂಡೆಂಟರ ಮುಖ ಸಣ್ಣದಾಯಿತು. ಅಮ್ಮ ಒಳಗಿನಿಂದ ಒಂದೇ ಒಂದು ಸಲ ಕೆಮ್ಮಿದರು. ಆ ಕೆಮ್ಮು ಕೇಳಿಯೇ ಅವರು ಚುನಾವಣೆಗೆ ನಿಂತದ್ದು.

ಆ ಕ್ಷೇತ್ರದಲ್ಲಿ ಇನ್ನೊಬ್ಬ ಪಕ್ಷೇತರರಿದ್ದರು, ನಿವೃತ್ತ ಡ್ರಿಲ್ ಮಾಸ್ಟರು. ಅವರು ಯಾವ ಚುನಾವಣೆಯನ್ನೂ ಬಿಟ್ಟವರಲ್ಲ, ಪ್ರತಿ ಸಲವೂ ಕೊನೆಯ ಸ್ಥಾನ ಅವರದೇ. ಅಮ್ಮ ಷರತ್ತು ಹಾಕಿದರು. "ನೀವು ಗೆಲ್ಲಬೇಡಿ. ಆ ಡ್ರಿಲ್ ಮಾಸ್ಟರಿಗಿಂತ ಒಂದೇ ಒಂದು ಓಟು ಹೆಚ್ಚು ತಗೊಳ್ಳಿ, ಸಾಕು. ನಾನು ಸಾಯೋವರೆಗೂ ಮೈಸೂರು ಅನ್ನೋ ಮಾತೆತ್ತಲ್ಲ. ಬರಲಿಲ್ಲವೋ, ಟ್ರಂಕು ಕಟ್ಟಬೇಕು."

ಸೂಪರಿಂಟೆಂಡೆಂಟರು ಒಪ್ಪಿದರು. ನಾನು ಸಾಕ್ಷಿ. ಆವತ್ತಿನ ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಈಗಲೂ ನೆನಪಿದೆ, ಯಾಕೆಂದರೆ ಅವರು ಮೈಸೂರಿಗೆ ಹೋದರೆ ನನ್ನ ಭಾನುವಾರಗಳ ಗತಿಯೇನು?

ಬಿಸಿಲಲ್ಲಿ ಸರಕಾರಿ ನೌಕರ

ಅವರಿಗೆ ಸಿಕ್ಕ ಚಿಹ್ನೆ ಕೊಡೆ. ತಿರುವನಂತಪುರದಲ್ಲಿ ಕೊಡೆ ಇಲ್ಲದ ಗಂಡಸು ಹೊರಗೆ ಕಾಲಿಡುವುದಿಲ್ಲ. ಸೂಪರಿಂಟೆಂಡೆಂಟರು ಜಗಲಿಯಲ್ಲಿ ಕೂತು ಹೋಗಿಬರುವ ಕೊಡೆಗಳನ್ನೆಲ್ಲ ನೋಡಿ ಹಿಗ್ಗುತ್ತಿದ್ದರು.

ನಾನು ಪ್ರಚಾರಕ್ಕೆ ಬರಲೇ ಎಂದು ಕೇಳಿದೆ. ಅವರು ಗಾಬರಿಯಾದರು. ಸರಕಾರಿ ನೌಕರ ಚುನಾವಣೆಯಲ್ಲಿ ಯಾರ ಪರವಾಗಿಯೂ ಓಡಾಡಕೂಡದು, ನಡತೆ ನಿಯಮ ಗೊತ್ತಿಲ್ಲವೇ ಎಂದು ಗದರಿದರು. ಸಂಜೆಯೆಲ್ಲ ಯೋಚಿಸಿ ಮರುದಿನ ಇನ್ನೊಂದು ಅಪ್ಪಣೆ ಹೊರಡಿಸಿದರು. ನಾನು ಅವರ ಪಕ್ಕದ ಮನೆಯವನು, ಅವರದೇ ಭಾಷೆಯವನು. ನಾನು ಕೊಡೆ ಬಿಚ್ಚಿ ನಡೆದರೆ ಜನ ಅದನ್ನು ಪ್ರಚಾರವೆಂದೇ ತಿಳಿಯುತ್ತಾರೆ. ಮಡಚಿ ಹಿಡಿದರೂ ಚಿಹ್ನೆ ಚಿಹ್ನೆಯೇ. ಆದ್ದರಿಂದ ಮತದಾನ ಮುಗಿಯುವವರೆಗೆ ಕೊಡೆ ಮುಟ್ಟಬಾರದು.

ಫೆಬ್ರವರಿಯ ಬಿಸಿಲು. ಮೂರು ವಾರ ಬರಿದಲೆಯಲ್ಲಿ ಆಫೀಸಿಗೆ ನಡೆದೆ. ಮೂಗಿನ ಸಿಪ್ಪೆ ಸುಲಿಯಿತು. ನಮ್ಮ ಸೆಕ್ಷನ್ನಿನವರು ಏನಾಯಿತು ಎಂದು ಕೇಳಿದರು. ಚುನಾವಣೆಯಲ್ಲಿ ಭಾಗವಹಿಸದೆ ಇರುವುದಕ್ಕೆ ಹೀಗಾಯಿತು ಎಂದೆ.

ತುರ್ತು ಲಕೋಟೆ

ಬೇರೆ ಅಭ್ಯರ್ಥಿಗಳು ಬಣ್ಣದ ಕಾಗದದಲ್ಲಿ ನೋಟೀಸು ಹಂಚಿದರು. ಸೂಪರಿಂಟೆಂಡೆಂಟರು ಸುತ್ತೋಲೆ ಕಳಿಸಿದರು. ಉದ್ದನೆಯ ಖಾಕಿ ಲಕೋಟೆ, ಮೇಲೆ 'ತುರ್ತು' ಎಂದು ಕೆಂಪು ಶಾಯಿ, ಒಳಗೆ ವಿಷಯ, ಉಲ್ಲೇಖ, ಒಂದರಿಂದ ಹದಿನಾಲ್ಕರವರೆಗೆ ಅಂಕಿ ಹಾಕಿದ ಪ್ಯಾರಾಗಳು. ಮಲಯಾಳದಲ್ಲಿ ಅವರೇ ಬರೆದದ್ದು, ತಪ್ಪಿಲ್ಲದ ಭಾಷೆ.

ಖಾಕಿ ಲಕೋಟೆ ಹಿಡಿದು, ಕೋಟು ತೊಟ್ಟು ಅವರು ಒಂದು ಓಣಿಗೆ ಕಾಲಿಟ್ಟರು. ಮೊದಲನೆಯ ಮನೆಯ ಹೆಂಗಸು ನೋಡಿದಳು. ಸಮನ್ಸು ಹಿಡಿದು ಕೋರ್ಟಿನ ಆಸಾಮಿ ಬಂದ ಎಂಬ ಸುದ್ದಿ ಹಿತ್ತಲಿನ ಬೇಲಿಗಳನ್ನು ದಾಟಿ ಅವರಿಗಿಂತ ಮುಂದೆ ಓಡಿತು. ಎರಡನೆಯ ಮನೆಯಲ್ಲಿ ಯಜಮಾನ ಊರಲ್ಲಿಲ್ಲ. ಮೂರನೆಯದರಲ್ಲಿ ಯಜಮಾನ ತೀರಿಕೊಂಡೇ ಆರು ತಿಂಗಳಾಯಿತಂತೆ. ಹಾಗೆ ಹೇಳಿದವನು ಯಜಮಾನನೇ. ನಾಲ್ಕನೆಯ ಮನೆಯಿಂದಾಚೆಗೆ ಎಲ್ಲ ಬಾಗಿಲುಗಳೂ ಮುಚ್ಚಿದ್ದವು.

ಕೊನೆಗೆ ಓಣಿಯ ತುದಿಯ ಚಹಾದಂಗಡಿಯವನೊಬ್ಬ ಧೈರ್ಯ ಮಾಡಿ ಲಕೋಟೆ ಒಡೆದು ಪೂರ್ತಿ ಓದಿದ. ಆ ಓಣಿಗೆ ಬೀದಿ ನಲ್ಲಿ ಇರಲಿಲ್ಲ, ಎಲ್ಲ ಅಭ್ಯರ್ಥಿಗಳೂ ನಲ್ಲಿ ಹಾಕಿಸುತ್ತೇವೆಂದು ಆಣೆ ಇಟ್ಟು ಹೋಗಿದ್ದರು. ಸ್ವಾಮಿ, ನೀವು ಹಾಕಿಸುತ್ತೀರೋ ಎಂದು ಕೇಳಿದ. ಮಂಜೂರಾತಿ ಇಲ್ಲದೆ ಮಾತು ಕೊಡುವುದು ಕ್ರಮವಲ್ಲ, ಒಂಬತ್ತನೆಯ ಪ್ಯಾರಾ ನೋಡಿ, ವಿಷಯವನ್ನು ಪರಿಶೀಲಿಸಲಾಗುವುದು ಎಂದು ಸ್ಪಷ್ಟವಾಗಿ ಬರೆದಿದ್ದೇನೆ ಎಂದರು ಇವರು.

ಚಹಾದಂಗಡಿಯವನು ಕಾಗದವನ್ನು ಗೌರವದಿಂದ ಮಡಚಿ ಹಿಂದಕ್ಕೆ ಕೊಟ್ಟ. "ನೀರಿನ ಆಫೀಸಿನವರು ಇದನ್ನೇ ಹೇಳ್ತಾರೆ ಸ್ವಾಮಿ. ಅವರಿಗೆ ನಾವು ಓಟು ಹಾಕಬೇಕಾಗಿಲ್ಲ."

ಕಲೂರಿನಲ್ಲಿ ಅಲೆ

ಎರಡು ವಾರ ತಿರುಗಿದ ಮೇಲೆ ಸೂಪರಿಂಟೆಂಡೆಂಟರು ಸೊರಗಿದರು. ಅಮ್ಮ ಸುಮ್ಮನಿರುವ ಜಾತಿಯಲ್ಲ; ತಮ್ಮನಿಗೆ ಬರೆದ ಕಾಗದವನ್ನು, ಅಲ್ಲಿ ಹಾಲಿಗೆ ಹೇಳಿಡು ಎಂಬ ಸಾಲಿನವರೆಗೆ, ಗಟ್ಟಿಯಾಗಿ ಓದಿ ಲಕೋಟೆಗೆ ಹಾಕಿದರು. ಅದನ್ನು ಕೇಳಲಾರದೆ ಇವರು ಬಸ್ಸು ಹತ್ತಿ ಎರಡು ದಿನ ಕೊಚ್ಚಿಗೆ ಹೋದರು. ಅಲ್ಲಿ ಅವರು ಮೊದಲು ಕಲೂರಿನಲ್ಲಿ ಮನೆ ಮಾಡಿಕೊಂಡಿದ್ದರು.

ವಾಪಸು ಬಂದಾಗ ಮನುಷ್ಯ ಹತ್ತು ವರ್ಷ ಚಿಕ್ಕವರಾಗಿದ್ದರು. ಕಲೂರಿನಲ್ಲಿ ಹಳೆಯ ಹಾಲಿನವಳು ಕಣ್ಣೀರು ಹಾಕಿದಳಂತೆ. ಕ್ಷೌರದಂಗಡಿಯವನು ಕಾಸು ಮುಟ್ಟಲಿಲ್ಲವಂತೆ. ಇಪ್ಪತ್ತು ಮನೆಯವರು ನಮ್ಮ ಸ್ವಾಮಿಗಲ್ಲದೆ ಬೇರೆ ಯಾರಿಗೂ ಓಟಿಲ್ಲ ಎಂದು ಕೈಮೇಲೆ ಕೈ ಹಾಕಿ ಹೇಳಿದರಂತೆ.

ನನಗೆ ಹೇಳಲು ಸಂಕಟವಾಯಿತು, ಆದರೂ ಹೇಳಿದೆ. ಸಾರ್, ಅವರ ಓಟು ಕೊಚ್ಚಿಯಲ್ಲಿದೆ, ನೀವು ನಿಂತಿರುವುದು ತಿರುವನಂತಪುರದಲ್ಲಿ.

"ಗೊತ್ತು ಕಣಯ್ಯ," ಎಂದರು. "ಓಟು ಹಾಕೋರ ಮುಖ ಎಷ್ಟು ದಿನಾಂತ ನೋಡ್ಲಿ? ಹಾಕಬೇಕು ಅನ್ನೋರನ್ನ ಒಂದ್ಸಲ ನೋಡ್ಕೊಂಡು ಬರೋಣಾಂತ ಹೋದೆ."

ಐದು ಗಂಟೆಯ ಸಭೆ

ಕೊನೆಯ ವಾರ ಮೈದಾನದಲ್ಲಿ ಒಂದು ಬಹಿರಂಗ ಸಭೆ ಇಟ್ಟರು. ಸಂಜೆ ಐದು ಗಂಟೆಗೆ ಎಂದು ಸುತ್ತೋಲೆ. ಐದಕ್ಕೆ ಮೈದಾನದಲ್ಲಿದ್ದದ್ದು ಒಂದು ಮೇಜು, ಮೈಕಿನವನು, ಬೇಲಿಯಾಚೆ ಕೊಡೆಯಿಲ್ಲದೆ ನಿಂತ ನಾನು, ಮತ್ತು ಒಬ್ಬನೇ ಒಬ್ಬ ಶ್ರೋತೃ. ಆ ಶ್ರೋತೃ ಎದುರಾಳಿ ಡ್ರಿಲ್ ಮಾಸ್ಟರು. ಎದೆ ಸೆಟೆದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು.

ಹೇಳಿದ ಸಮಯಕ್ಕೆ ಸರಿಯಾಗಿ ಭಾಷಣ ಶುರುವಾಯಿತು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಐದೂ ಮುಕ್ಕಾಲಿಗೆ ಜನ ಬರತೊಡಗಿದರು. ಏನಿಲ್ಲವೆಂದರೂ ಎಪ್ಪತ್ತೆಂಬತ್ತು ಮಂದಿ ಸೇರಿದರು. ಇನ್ನೊಂದು ಸಲ ಮಾತಾಡಿ ಎಂದು ಮೈಕಿನವನೇ ಬೇಡಿಕೊಂಡ. ಕಾರ್ಯಕ್ರಮ ಮುಗಿದಿದೆ, ತಡವಾಗಿ ಬಂದವರಿಗಾಗಿ ಮತ್ತೆ ನಡೆಸಿದರೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಅನ್ಯಾಯವಾಗುತ್ತದೆ ಎಂದು ಇವರು ಡ್ರಿಲ್ ಮಾಸ್ಟರ ಕಡೆ ಕೈ ತೋರಿಸಿದರು.

ಡ್ರಿಲ್ ಮಾಸ್ಟರಿಗೆ ಮನಸ್ಸು ತುಂಬಿ ಬಂತು. ಇಷ್ಟು ವರ್ಷದಲ್ಲಿ ಹೊತ್ತಿಗೆ ಸರಿಯಾಗಿ ಶುರುವಾದ ಸಭೆ ಇದೊಂದೇ, ನಾನು ನಿಂತಿರದಿದ್ದರೆ ನನ್ನ ಓಟು ನಿಮಗೇ ಎಂದರು. ಆಮೇಲೆ, ಹೇಗೂ ಜನ ಬಂದಿದ್ದಾರೆ, ನಿಮ್ಮ ಮೈಕು ಒಂದು ಅರ್ಧ ಗಂಟೆ ಸಿಗಬಹುದೇ ಎಂದು ಕೇಳಿದರು. ಸೂಪರಿಂಟೆಂಡೆಂಟರು ಧಾರಾಳವಾಗಿ ಕೊಟ್ಟರು. ಆ ಎಪ್ಪತ್ತೆಂಬತ್ತು ಜನ ಕೇಳಿದ್ದು ಡ್ರಿಲ್ ಮಾಸ್ಟರ ಭಾಷಣ.

ಬೇಲಿಯಾಚೆ ನಾನು ಮನಸ್ಸಿನಲ್ಲೇ ಹೋಳಿಗೆಗೆ ಕೊನೆಯ ನಮಸ್ಕಾರ ಹಾಕಿದೆ.

ಎಣಿಕೆ

ಮತ ಎಣಿಕೆಯ ದಿನ ನಾನು ರಜೆ ಹಾಕಿ ಹೊರಗಿನ ಮರದ ಕೆಳಗೆ ಕಾದೆ. ಸೂಪರಿಂಟೆಂಡೆಂಟರೂ ಡ್ರಿಲ್ ಮಾಸ್ಟರೂ ಒಳಗೆ ಒಂದೇ ಬೆಂಚಿನಲ್ಲಿ ಕೂತಿದ್ದರು. ಮೇಲಿನ ಸ್ಥಾನಗಳಿಗಾಗಿ ದೊಡ್ಡವರು ಕಚ್ಚಾಡುತ್ತಿದ್ದರೆ, ಇವರಿಬ್ಬರು ಕೊನೆಯಿಂದ ಎರಡನೆಯ ಸ್ಥಾನಕ್ಕಾಗಿ ಉಸಿರು ಬಿಗಿಹಿಡಿದಿದ್ದರು. ಮುಂದಿನದು, ಹೊರಗೆ ಬಂದ ಡ್ರಿಲ್ ಮಾಸ್ಟರ ಬಾಯಿಂದ ಆ ಮರದ ಕೆಳಗೇ ಕೇಳಿದ್ದು.

ಎಲ್ಲ ಎಣಿಸಿದ ಮೇಲೆ ಡ್ರಿಲ್ ಮಾಸ್ಟರಿಗೆ ನೂರ ಎಂಬತ್ತೇಳು, ಸೂಪರಿಂಟೆಂಡೆಂಟರಿಗೂ ನೂರ ಎಂಬತ್ತೇಳು. ಉಳಿದದ್ದು ಅನುಮಾನದ ಕೆಲವು ಮತಪತ್ರಗಳು. ಚುನಾವಣಾಧಿಕಾರಿ ಒಂದೊಂದನ್ನೇ ಎತ್ತಿ ತೋರಿಸಿ ತಿರಸ್ಕರಿಸುತ್ತಾ ಬಂದರು. ಒಂದಕ್ಕೆ ಎರಡು ಕಡೆ ಮುದ್ರೆ ಬಿದ್ದಿತ್ತು, ಇನ್ನೊಂದಕ್ಕೆ ಎಲ್ಲಿಯೂ ಬಿದ್ದಿರಲಿಲ್ಲ. ಕಟ್ಟಕಡೆಯದನ್ನು ಎತ್ತಿದವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತರು. ಕೊಡೆಯ ಚಿತ್ರದ ಮೇಲೆ ಅಚ್ಚುಕಟ್ಟಾದ ಮುದ್ರೆ. ಮುದ್ರೆಯ ಕೆಳಗೆ, ಹಸಿರು ಶಾಯಿಯಲ್ಲಿ, ಮೊಹರಿನ ಅಂಚಿಗೆ ತಾಗಿಯೂ ತಾಗದ ಹಾಗೆ ಒಂದು ಚಿಕ್ಕ ಸಹಿ, ಅದರ ಕೆಳಗೆ ತಾರೀಖು.

ಮತ ಹಾಕಿದವನ ಗುರುತು ಕಂಡರೆ ಆ ಮತ ರದ್ದು. ಇದು ಯಾರ ಸಹಿಯೋ ಎಂದು ಅಧಿಕಾರಿ ತಮ್ಮಷ್ಟಕ್ಕೆ ಅಂದುಕೊಂಡರು.

ಸೂಪರಿಂಟೆಂಡೆಂಟರು ಎದ್ದು ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನನ್ನದೇ," ಎಂದರು. "ಮುದ್ರೆ ಒತ್ತಿ ಸಹಿ ಮಾಡದೆ ಬಿಟ್ಟರೆ ಅದಕ್ಕೇನು ಬೆಲೆ?"

ಮತ ರದ್ದಾಯಿತು. ನೂರ ಎಂಬತ್ತೇಳಕ್ಕೆ ನೂರ ಎಂಬತ್ತೇಳೇ ಉಳಿಯಿತು.

ನಾವಿಬ್ಬರೂ ಮನೆಯ ದಾರಿ ಹಿಡಿದೆವು. ನನಗೆ ನಿಜವಾಗಿಯೂ ಅಳು ಬಂದಿತ್ತು. ಈ ಊರಲ್ಲಿ ನೂರ ಎಂಬತ್ತೇಳು ಜನ ಯಾರ ಬಲವಂತವೂ ಇಲ್ಲದೆ ಈ ಮನುಷ್ಯನನ್ನು ನಮ್ಮವನು ಅಂದಿದ್ದರು. ಅನ್ನದೆ ಹೋದವರು ಇವರೊಬ್ಬರೇ. ಮನೆಗೆ ಬಂದು ಅಮ್ಮನ ಮುಂದೆ ನಿಂತು, ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ವರದಿ ಒಪ್ಪಿಸಿದರು. ಸರಿಸಮ ಬಂದಿದೆ, ಒಂದು ಹೆಚ್ಚು ಬಂದಿಲ್ಲ, ಷರತ್ತಿನ ಪ್ರಕಾರ ಹೊರಡಬೇಕು ಎಂದರು.

ಅಮ್ಮ ನಗುತ್ತಾರೆಂದು ಕಾದೆ. ಅವರು ನಗಲಿಲ್ಲ. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ನಾನು ನಿಮಗೇ ಹಾಕಿದ್ದೆ ಕಣ್ರೀ," ಎಂದರು. "ಮೈಸೂರಿಗೆ ಹೋಗ್ಬೇಕೂಂತ ಹಟ ಹಿಡಿದವಳು ನಾನು. ನಾನು ಹಾಕಿದೆ. ಇಲ್ಲೇ ಇರ್ಬೇಕೂಂತ ಹಟ ಹಿಡಿದ ನೀವು ಹಾಕಲಿಲ್ಲ."

ಷರತ್ತು ಬಿಟ್ಟುಬಿಡೋಣ ಎಂದೂ ಅಮ್ಮ ಆಮೇಲೆ ಹೇಳಿ ನೋಡಿದರು. ಇವರು ಕೇಳಲಿಲ್ಲ; ಆದೇಶವಾದ ಮೇಲೆ ಬದಲಾಯಿಸುವುದು ಅವರ ಜಾಯಮಾನವಲ್ಲ. ಪೆನ್ಶನ್ನನ್ನು ಮೈಸೂರು ಖಜಾನೆಗೆ ವರ್ಗಾಯಿಸುವ ಫಾರಮ್ಮನ್ನು ಆಫೀಸಿನಿಂದ ತಂದುಕೊಟ್ಟವನು ನಾನೇ. ಜಗಲಿಯಲ್ಲಿ ಕೂತು ತುಂಬಿಸಿದರು. ಮೂವತ್ತು ವರ್ಷ ಸಾವಿರಾರು ಕಾಗದಗಳಿಗೆ ಕಣ್ಣು ಮುಚ್ಚಿ ಸಹಿ ಹಾಕಿದ ಕೈ ಕಡೆಯ ಸಾಲಿಗೆ ಬಂದು ನಿಂತುಬಿಟ್ಟಿತು. ಪೆನ್ನು ಹಾಗೇ ಹಿಡಿದು, ಅಡುಗೆಮನೆಯ ಕಡೆ ತಿರುಗಿ ಅವರು ಕೇಳಿದರು:

"ಲೇ, ಇದಕ್ಕೆ ಸಹಿ ಹಾಕಬಹುದೇನೇ?"